ಗುಬ್ಬಿ ದಾರಿ

ಆ ಕೋರ್ಸಿನಲ್ಲಿ ಮೂರು ದಾರಿಗಳಿದ್ದವು: ಕುದುರೆ, ಆಮೆ, ಗುಬ್ಬಿ. ಓದುವವರಿಗೆ ಈ ಹೆಸರುಗಳು ಕಾಣುತ್ತಿರಲಿಲ್ಲ; ಕೋರ್ಸ್ ಕಟ್ಟಿದವರು ತಮ್ಮತಮ್ಮಲ್ಲಿ ಇಟ್ಟುಕೊಂಡ ಹೆಸರುಗಳವು. ಸೇರಿದ ದಿನವೇ ಒಂದು ಸಣ್ಣ ಪರೀಕ್ಷೆ. ಸರಸರನೆ ಉತ್ತರ ಒತ್ತಿ ಅಲ್ಲಲ್ಲಿ ಎಡವುವವರನ್ನು ಸಿಸ್ಟಮ್ ಕುದುರೆ ದಾರಿಗೆ ಕಳಿಸುತ್ತಿತ್ತು. ನಿಧಾನವಾಗಿಯಾದರೂ ಸರಿಯಾಗಿ ಮಾಡುವವರನ್ನು ಆಮೆ ದಾರಿಗೆ. ಪ್ರಶ್ನೆಯ ಮುಂದೆ ಕೂತು, ಒಂದು ಉತ್ತರ ಒತ್ತಿ, ಅದನ್ನು ಅಳಿಸಿ, ಇನ್ನೊಂದು ಒತ್ತಿ, ಕೊನೆಗೆ ಪುಟವನ್ನೇ ಮುಚ್ಚಿ ಎದ್ದು ಹೋಗುವವರಿಗೆ ಗುಬ್ಬಿ ದಾರಿ.

ಮೂರರಲ್ಲಿ ಅಕ್ಕನಿಗೆ ಹೆಮ್ಮೆಯಿದ್ದದ್ದು ಗುಬ್ಬಿ ದಾರಿಯ ಮೇಲೆ.

ಅವಳನ್ನು ಅಕ್ಕ ಎಂದು ಕರೆಯುತ್ತಿದ್ದವಳು ತಂಗಿಯೊಬ್ಬಳೇ. ವಿಶ್ವವಿದ್ಯಾಲಯದಲ್ಲಿ ಅವಳು ಮೇಡಂ. ತರಗತಿಯಲ್ಲಿ ವರ್ಷಾನುಗಟ್ಟಲೆ ಸಂಖ್ಯಾಶಾಸ್ತ್ರ ಹೇಳಿ ಹೇಳಿ ಗಂಟಲು ಕೆಟ್ಟು, ಇನ್ನು ಜೋರಾಗಿ ಮಾತನಾಡಬೇಡಿ ಎಂದು ವೈದ್ಯರು ತಾಕೀತು ಮಾಡಿದ ಮೇಲೆ ಅವಳನ್ನು ಆನ್‌ಲೈನ್ ವಿಭಾಗಕ್ಕೆ ಹಾಕಿದ್ದರು. ಗ್ರಂಥಾಲಯದ ಹಿಂಬದಿಯಲ್ಲಿ, ಒಂದು ಕಾಲಕ್ಕೆ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದ ಕೋಣೆ. ಅಂಟಿನ ವಾಸನೆ ಇನ್ನೂ ಗೋಡೆ ಬಿಟ್ಟು ಹೋಗಿರಲಿಲ್ಲ. ಮೂಲೆಯಲ್ಲಿ ಕಂಬಳಿ ಹೊದಿಸಿದ ಒಂದು ಗೂಡು. ವಿಡಿಯೋಗೆ ಪಾಠ ಹೇಳುವುದು ಅದರೊಳಗೆ ಕೂತು. ಫ್ಯಾನ್ ಹಾಕಿದರೆ ಸದ್ದು, ಆರಿಸಿದರೆ ಬೆವರು.

ಹೊರಗಿನಿಂದ ನೋಡಿದವರಿಗೆ ಅದು ಕುರ್ಚಿ ಬಿಸಿ ಮಾಡುವ ಕೆಲಸದಂತೆ ಕಾಣುತ್ತಿತ್ತು. ಆದರೆ ಒಂದು ಪ್ರಶ್ನೆ ಬರೆದರೆ ಅದಕ್ಕೆ ಒಂದು ಸರಿ ಉತ್ತರ, ಮೂರು ತಪ್ಪು ಉತ್ತರ ಬೇಕು. ತಪ್ಪು ಉತ್ತರವೆಂದರೆ ಬಾಯಿಗೆ ಬಂದದ್ದಲ್ಲ. ಮನುಷ್ಯ ನಿಜಕ್ಕೂ ಯಾವ ಯೋಚನೆ ಹಿಡಿದು ನಡೆದರೆ ಅಲ್ಲಿ ಹೋಗಿ ಬೀಳುತ್ತಾನೆ ಎಂದು ಲೆಕ್ಕ ಹಾಕಿ ಬರೆಯಬೇಕು. ಬಿದ್ದವನಿಗೆ ಏನು ಹೇಳಿ ಎಬ್ಬಿಸಬೇಕು ಎಂಬುದನ್ನೂ ಬರೆಯಬೇಕು, ಅದೂ ಮೂರು ದಾರಿಗೆ ಮೂರು ದನಿಯಲ್ಲಿ. ಸಂಜೆಯಾಗುವ ಹೊತ್ತಿಗೆ ಅವಳ ತಲೆಯಲ್ಲಿ ಊರವರ ತಪ್ಪುಗಳೆಲ್ಲ ಗಿಜಿಗುಟ್ಟುತ್ತಿದ್ದವು. ಮನೆಗೆ ಹೋಗಿ ತಟ್ಟೆಯ ಮುಂದೆ ಕೂತರೆ ಯಾವ ಕೈಯಲ್ಲಿ ಉಣ್ಣಬೇಕೆಂದೂ ಒಂದು ಕ್ಷಣ ಯೋಚಿಸುವ ಹಾಗಾಗುತ್ತಿತ್ತು.

ಸಿಸ್ಟಮ್ ಕಟ್ಟುತ್ತಿದ್ದವನಿಗೆ ಎದೆ ಮುಟ್ಟುವ ಗಡ್ಡ. ಎಲ್ಲರೂ ಅವನನ್ನು ಗಡ್ಡ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ದಾರಿಗಳು ನೆಟ್ಟಗಿವೆಯೇ ಎಂದು ನೋಡಲು ಅವರದೊಂದು ಕ್ರಮವಿತ್ತು. ಒಬ್ಬೊಬ್ಬರು ಒಂದೊಂದು ವೇಷ ಹಾಕಿ, ವಿದ್ಯಾರ್ಥಿಯಂತೆ ನಟಿಸುತ್ತ ಇಡೀ ಕೋರ್ಸ್ ನಡೆದು ಬರಬೇಕು. ಗಡ್ಡ ಕುದುರೆಯಾದ. ಆಮೆಯ ಪಾತ್ರಕ್ಕೆ ಕಚೇರಿಯ ಹಿರಿಯ ಗುಮಾಸ್ತರನ್ನು ಹಿಡಿದು ಕೂರಿಸಿದರು. ಇವರಿಗೆ ವೇಷದ ಖರ್ಚಿಲ್ಲ ಎಂದು ಗಡ್ಡ ಅವರೆದುರೇ ಹೇಳಿ ಬೈಸಿಕೊಂಡ.

ಗುಬ್ಬಿಯ ಪಾತ್ರ ಅಕ್ಕನದು. ಕಷ್ಟದ ಪ್ರಶ್ನೆ ಬಂದ ಕೂಡಲೆ ಅವಳು ಕೈ ಹಿಂದೆಗೆದು, ಕಿಟಕಿಯ ಕಡೆ ನೋಡಿ, ಪುಟ ಮುಚ್ಚಿಬಿಡುತ್ತಿದ್ದಳು. "ಇಲ್ಲಿ ಹಾರಿಹೋಯ್ತು," ಎನ್ನುತ್ತಿದ್ದಳು. ಗಡ್ಡ ಆ ಪ್ರಶ್ನೆಯನ್ನು ದಾರಿಯಿಂದ ಎತ್ತುತ್ತಿದ್ದ, ಇಲ್ಲವೇ ಅದರ ಬಾಲ ಕತ್ತರಿಸುತ್ತಿದ್ದ. ಎರಡು ಸಲ ತಪ್ಪಿದರೆ ಮೂರನೆಯದು ತಾನಾಗಿ ಸುಲಭವಾಗುವಂತೆ ಮಾಡಿದರು. ತಪ್ಪಿಗೆ ಕೆಂಪು ಗುರುತು ಬೇಡ ಎಂದಳು ಅಕ್ಕ, ಅದನ್ನೂ ತೆಗೆದರು. ಸುಮ್ಮನೆ ಕೂತವರಿಗೆ ಸಮಾಧಾನದ ಮಾತುಗಳನ್ನು ಅವಳೇ ಕೂತು ಬರೆದಳು. ಅಧ್ಯಾಯದ ಕೊನೆಯ ಟೆಸ್ಟಿಗೆ ಅವರವರು ಮಾಡಬಲ್ಲ ಪ್ರಶ್ನೆಗಳನ್ನೇ ಆರಿಸಿ ಕೊಡುವ ಏರ್ಪಾಡಾಯಿತು. ಹೀಗೆ ತಿದ್ದುತ್ತ ತಿದ್ದುತ್ತ ಒಂದು ದಿನ ಗುಬ್ಬಿ ಎಲ್ಲೂ ಹಾರದೆ ಕೋರ್ಸಿನ ತುದಿ ಮುಟ್ಟಿತು. ಅವತ್ತು ಅಕ್ಕ ಎಲ್ಲರಿಗೂ ಟೀ ತರಿಸಿದಳು.

ಆ ಕೋರ್ಸಿಗೆ ಬರುವವರು ಹೊಸ ಹುಡುಗರಲ್ಲ. ಎಂದೋ ಡಿಗ್ರಿ ಓದುತ್ತ ಸಂಖ್ಯಾಶಾಸ್ತ್ರದ ಒಂದು ಪೇಪರ್ ಉಳಿಸಿಕೊಂಡು, ಸಂಸಾರ, ಕೆಲಸ ಎಂದು ಚದುರಿಹೋದವರು. ಹಳೆಯ ಪಠ್ಯಕ್ರಮವನ್ನು ಮುಚ್ಚುವ ಮೊದಲು ವಿಶ್ವವಿದ್ಯಾಲಯ ಅಂಥವರಿಗೆಲ್ಲ ಒಂದು ಕೊನೆಯ ಅವಕಾಶ ಕೊಟ್ಟಿತ್ತು: ಮನೆಯಲ್ಲೇ ಕೂತು ಆನ್‌ಲೈನಿನಲ್ಲಿ ಓದಿ, ಎಲ್ಲರ ಜೊತೆ ಒಂದೇ ಪ್ರಶ್ನೆಪತ್ರಿಕೆ ಬರೆಯಿರಿ. ಈ ಸಲ ಆಗದಿದ್ದರೆ ಹಿಂದೆ ಪಾಸಾದ ಪೇಪರುಗಳೂ ನೀರಿಗೆ ಹೋದ ಹಾಗೆ.

ಅಂಥವರಲ್ಲಿ ಅಕ್ಕನ ತಂಗಿಯೂ ಒಬ್ಬಳು. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತಿದ್ದರು. ದಾರಿಗೆ ಹೆಸರಿಡುವಾಗ ಅಕ್ಕನ ಬಾಯಿಗೆ ಬಂದದ್ದು ಅದು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ತಂಗಿ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರನ್ನು ಕೂರಿಸಿ, ಚೌಕಟ್ಟು ಮೂಗಿನ ಮೇಲೆ ಸರಿಯಾಗಿ ಕೂರುತ್ತದೆಯೇ ನೋಡಿ, ಕಿವಿಯ ಹಿಂದಿನ ಕೊಂಡಿ ಬಗ್ಗಿಸಿ ಕೊಡುವ ಕೆಲಸ. ಮಾಲೀಕ ಇನ್ನೊಂದು ಕಡೆ ಅಂಗಡಿ ತೆರೆಯುವವನಿದ್ದ. ಡಿಗ್ರಿಯಿದ್ದವರಿಗೆ ಅದನ್ನು ನೋಡಿಕೊಳ್ಳಲು ಬಿಡುತ್ತೇನೆ ಎಂದಿದ್ದ. ಅದಕ್ಕಿಂತ ಹೆಚ್ಚಾಗಿ, ಮಗಳು ಈ ವರ್ಷ ಕಾಲೇಜು ಸೇರಿದ್ದಳು, "ಅಮ್ಮ ಏನು ಓದಿದ್ದಾರೆ" ಎಂಬ ಅರ್ಜಿಯ ಸಾಲಿನಲ್ಲಿ ಏನು ತುಂಬಬೇಕೆಂದು ಕೇಳಿದ್ದಳು. ಅದು ತಂಗಿಯನ್ನು ಚುಚ್ಚಿತ್ತು.

ರಜೆಯ ಮಧ್ಯಾಹ್ನವೊಂದರಲ್ಲಿ ತಂಗಿ ಅಕ್ಕನ ಮನೆಗೆ ಬಂದಳು. ಚಪ್ಪಲಿ ಬಿಡುವುದರೊಳಗೇ ಫೋನ್ ಮುಂದೆ ಹಿಡಿದಳು.

"ನೋಡು. ಪೂರ್ತಿ ಹಸಿರು. ಒಂದು ಅಧ್ಯಾಯ ಬಿಟ್ಟು ಎಲ್ಲ ಮುಗೀತು."

"ಒಳಗಡೆ ಬಾ ಮೊದ್ಲು."

"ಬರ್ತೀನಿ. ನಂಗೇನೋ ಇದು ಬೆಟ್ಟ ಅನ್ನಿಸಿತ್ತು ಕಣೆ. ನೀರು ಕುಡಿದ ಹಾಗಿದೆ. ನೀವು ಮೇಷ್ಟ್ರುಗಳು ಆಗ ಕಾಲೇಜಲ್ಲಿ ಹಿಂಗೆ ಹೇಳ್ಕೊಟ್ಟಿದ್ರೆ ನಾನು ಇವತ್ತು ಪ್ರೊಫೆಸರ್ ಆಗ್ತಿದ್ದೆ."

"ಆಗ್ದೆ ಇದ್ದಿದ್ದೇ ಒಳ್ಳೇದಾಯ್ತು. ಗಂಟಲು ಉಳೀತು."

ಇಬ್ಬರೂ ನಕ್ಕರು. ಅಕ್ಕನಿಗೆ ನಿಜಕ್ಕೂ ಹೊಟ್ಟೆ ತಂಪಾಗಿತ್ತು. ಆ ಖುಷಿಯಲ್ಲೇ ಅವಳು ಕಪಾಟಿನಿಂದ ಒಂದು ಹಳೆಯ ಪ್ರಶ್ನೆಪತ್ರಿಕೆ ತೆಗೆದು, ಟೀ ಕುದಿಯುವ ತನಕ ಇದೊಂದು ಮಾಡು ಎಂದು ಕೊಟ್ಟಳು. ಬಾಟಲಿಗೆ ಎಣ್ಣೆ ತುಂಬುವ ಎರಡು ಯಂತ್ರಗಳು. ಎರಡೂ ತುಂಬಿದ ಬಾಟಲಿಗಳ ಅಳತೆಗಳನ್ನು ಕೊಟ್ಟಿದ್ದರು. ಯಾವ ಯಂತ್ರ ಕೊಳ್ಳುವುದು ಒಳ್ಳೆಯದು, ಯಾಕೆ?

ತಂಗಿ ಚಕಚಕನೆ ಎರಡರ ಸರಾಸರಿ ತೆಗೆದಳು. ಕೂಡುವಾಗ ಎಲ್ಲೂ ತಪ್ಪಲಿಲ್ಲ.

"ಎರಡೂ ಒಂದೇ," ಎಂದಳು. "ಯಾವುದಾದ್ರೂ ತಗೋಬಹುದು."

"ಮುಂದೆ?"

"ಮುಂದೆ ಏನು? ಸರಾಸರಿ ಬಂತಲ್ಲ."

"ಒಂದು ಸಲ ಅಳತೆಗಳನ್ನ ನೋಡು. ಒಂದು ಯಂತ್ರ ಪ್ರತಿ ಸಲಾನೂ ಹೆಚ್ಚುಕಮ್ಮಿ ಅಷ್ಟೇ ತುಂಬುತ್ತೆ. ಇನ್ನೊಂದು ಒಂದ್ಸಲ ತುಳುಕಿಸುತ್ತೆ, ಒಂದ್ಸಲ ಅರ್ಧಕ್ಕೆ ಬಿಡುತ್ತೆ."

ತಂಗಿ ನೋಡಿದಳು. ಪತ್ರಿಕೆಯನ್ನು ತಿರುಗಿಸಿದಳು. ಉಳಿದ ಪ್ರಶ್ನೆಗಳ ಮೇಲೆ ಕಣ್ಣಾಡಿಸುತ್ತ ಹೋದಂತೆ ಅವಳ ಮುಖದ ಬಣ್ಣ ಇಳಿಯಿತು. "ಇಂಥವು ನಂಗೆ ಒಂದೂ ಬಂದಿಲ್ಲ," ಎಂದಳು.

ಬಂದಿರಲಿಲ್ಲ. ಅದೇ ಯಂತ್ರಗಳ ಪ್ರಶ್ನೆ ಕುದುರೆ ದಾರಿಯಲ್ಲೂ ಇತ್ತು, ಆಮೆ ದಾರಿಯಲ್ಲೂ ಇತ್ತು, ಗುಬ್ಬಿ ದಾರಿಯಲ್ಲೂ ಇತ್ತು. ಗುಬ್ಬಿ ದಾರಿಯಲ್ಲಿ ಮಾತ್ರ ಅದು ಸರಾಸರಿ ಎಷ್ಟು ಎಂಬಲ್ಲಿಗೆ ನಿಲ್ಲುತ್ತಿತ್ತು. ಬಾಲ ಕತ್ತರಿಸಿದವನು ಗಡ್ಡ, ಕತ್ತರಿಸಲು ಹೇಳಿದವಳು ಅಕ್ಕ. ಟೀ ಉಕ್ಕಿ ಒಲೆಯ ಮೇಲೆ ಹರಿದದ್ದು ಅವಳಿಗೆ ವಾಸನೆಯಿಂದ ಗೊತ್ತಾಯಿತು.

ಅವಳು ಒಲೆ ಆರಿಸಿ ಬಂದು ಲ್ಯಾಪ್‌ಟಾಪ್ ತೆರೆದಳು. ತಂಗಿ ನಡೆದ ದಾರಿಯನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ತಂಗಿ ಹಿಂದೆ ಬಂದು ನಿಂತದ್ದು ಗಮನಕ್ಕೆ ಬರಲಿಲ್ಲ.

"ಅದೇನು, ನನ್ನ ಹೆಸರು ಅಲ್ಲಿ?"

"ನಿನ್ನ ಹೆಸರಲ್ಲ. ದಾರಿಗೆ ಇಟ್ಟಿರೋದು."

"ಯಾರಿಟ್ಟಿದ್ದು?"

"ನಾನೇ."

"ಯಾರಿಗೆ ಈ ದಾರಿ?"

"ಸ್ವಲ್ಪ ಹಿಂಜರಿಯೋರಿಗೆ."

"ಪುಕ್ಕಲರಿಗೆ ಅನ್ನು." ತಂಗಿ ಕುರ್ಚಿ ಎಳೆದು ಕೂತಳು. ಕೂಗಾಡಲಿಲ್ಲ. "ನಾನು ಹೆದರಿ ಬಿಟ್ಟೆ ಅಂತ ನಿಂಗ್ಯಾರು ಹೇಳಿದ್ರು?"

"ಹೆದರಿದ್ದೆ ತಾನೇ? ಅವತ್ತು ಕಾಲೇಜಲ್ಲಿ ಪರೀಕ್ಷೆ ಅರ್ಧಕ್ಕೆ ಬಿಟ್ಟು ಎದ್ದು ಬಂದೆ."

"ಎದ್ದು ಬಂದೆ. ಯಾಕಂತ ಕೇಳಿದ್ಯಾ? ಮನೇಲಿ ಲೆಕ್ಕಕ್ಕೆ ಕೂತ್ರೆ ನೀನು ಯೋಚ್ನೆ ಮಾಡೋಕೆ ಬಿಡ್ತಾನೇ ಇರ್ಲಿಲ್ಲ. ಕೊಡಿಲ್ಲಿ ಅಂತ ಪುಸ್ತಕ ಎಳ್ಕೊಳ್ತಿದ್ದೆ, ಬಿಡಿಸಿ ಇಡ್ತಿದ್ದೆ. ಪರೀಕ್ಷೆ ಕೋಣೇಲಿ ಕೂತಾಗ ಗೊತ್ತಾಯ್ತು, ನಂಗೆ ನಿನ್ನ ಕೈಬರಹ ಬಿಟ್ರೆ ಬೇರೇನೂ ನೆನಪಿಲ್ಲ ಅಂತ."

ಅಕ್ಕ ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿದಳು.

"ಈಗ ಅದನ್ನೇ ಕಂಪ್ಯೂಟರ್ ಕೈಲಿ ಮಾಡಿಸ್ತಿದೀಯ," ಎಂದಳು ತಂಗಿ. "ಒಳ್ಳೆ ಅಕ್ಕ."

ಟೀ ಕುಡಿಯದೆ ಹೋದಳು. ಪ್ರಶ್ನೆಪತ್ರಿಕೆಯನ್ನು ಮಾತ್ರ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೋದಳು.

ಮರುದಿನ ಅಕ್ಕ ಗಡ್ಡನ ಮೇಜಿನ ಹತ್ತಿರ ಸ್ಟೂಲ್ ಎಳೆದುಕೊಂಡು ತಂಗಿಯ ಸಂಗತಿ ಹೇಳಿದಳು. ಗುಬ್ಬಿ ದಾರಿಯಲ್ಲಿ ಹೋದವರಿಗೆ ನಾವು ಕಠಿಣ ಪ್ರಶ್ನೆಗಳನ್ನು ತೋರಿಸಿಯೇ ಇಲ್ಲ, ಆದರೆ ಪರೀಕ್ಷೆಯಲ್ಲಿ ಅವರಿಗೆ ಬೇರೆ ಪತ್ರಿಕೆ ಕೊಡುವುದಿಲ್ಲವಲ್ಲ ಎಂದಳು. ಗಡ್ಡ ತನ್ನ ಗಡ್ಡ ನೀವಿಕೊಂಡ.

"ನಾವು ಮೂರು ಜನ ಕೂತು ನಾಟಕ ಆಡಿದ್ವಿ ಮೇಡಂ. ಕೊನೆಗೆ ಪರೀಕ್ಷೆ ಬರೆಯೋ ನಾಟಕ ಯಾರೂ ಆಡ್ಲಿಲ್ಲ."

"ಹೌದು. ಕೋರ್ಸ್ ಮುಗಿದ ಕೂಡ್ಲೆ ಟೀ ಕುಡಿದು ಎದ್ವಿ."

"ಒಬ್ಬರಿಗೆ ಬದಲಾಯಿಸೋದಾದ್ರೆ ಈಗಲೇ ಮಾಡ್ತೀನಿ. ನಿಮ್ಮ ತಂಗಿಯವರನ್ನ ಆಮೆಗೆ ದಾಟಿಸಿಬಿಡ್ತೀನಿ, ಮೂರನೇ ಕಿವಿಗೆ ಬೀಳಲ್ಲ. ಎಲ್ಲರಿಗೂ ಅಂದ್ರೆ ನಿರ್ದೇಶಕರ ಹತ್ರ ಮಾತಾಡ್ಬೇಕು."

ಅಕ್ಕನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಗುಂಡಿ ಒತ್ತಿದರೆ ತಂಗಿಯ ಮುಂದೆ ತಲೆಯೆತ್ತಿ ನಿಲ್ಲಬಹುದಿತ್ತು. ಆದರೆ ಗುಬ್ಬಿ ದಾರಿಯಲ್ಲಿ ನೂರಾರು ಜನರಿದ್ದರು, ಅವರೂ ಯಾರದೋ ಮನೆಯಲ್ಲಿ ಚಪ್ಪಲಿ ಬಿಡುವ ಮೊದಲೇ ಹಸಿರು ಬಣ್ಣ ತೋರಿಸುತ್ತಿದ್ದಿರಬೇಕು. ಅವಳು ಎದ್ದು ನಿರ್ದೇಶಕರ ಕೋಣೆಗೆ ಹೋದಳು.

ನಿರ್ದೇಶಕರು ಕೆಟ್ಟವರಲ್ಲ. ಆ ವಿಭಾಗವನ್ನು ಮುಚ್ಚುವ ಮಾತು ಬಂದಾಗಲೆಲ್ಲ ಮೇಲಿನವರ ಬಾಗಿಲು ಬಡಿದು ಉಳಿಸಿಕೊಂಡವರು ಅವರೇ. ತಿಂಗಳೊಪ್ಪತ್ತಿನಲ್ಲಿ ತಪಾಸಣೆಯ ಸಮಿತಿ ಬರುವುದಿತ್ತು, ಅವರ ಮೇಜಿನ ತುಂಬ ಅದರದೇ ಕಾಗದ.

"ಗುಬ್ಬಿ ದಾರಿ ನಮ್ಮ ಕಿರೀಟ ಮೇಡಂ," ಎಂದರು. "ಬಿಟ್ಟುಹೋದೋರೇ ಇಲ್ಲ. ಅದಕ್ಕೆ ಕೈ ಹಾಕ್ತೀನಿ ಅಂತೀರಲ್ಲ."

"ಬಿಟ್ಟುಹೋಗೋಕೆ ಕಾರಣಾನೇ ಕೊಟ್ಟಿಲ್ಲ ಸಾರ್. ಪರೀಕ್ಷೇಲಿ ಮಾತ್ರ ಬೀಳ್ತಾರೆ."

"ಪರೀಕ್ಷೆ ಇನ್ನೊಂದು ವಿಭಾಗದ ತಲೆನೋವು. ನಮ್ಮ ಜವಾಬ್ದಾರಿ ಕೋರ್ಸ್ ಮುಗಿಸೋದು. ಸಮಿತಿ ಬಂದು ಹೋಗ್ಲಿ, ಆಮೇಲೆ ನೋಡೋಣ."

"ಆಮೇಲೆ ಅವರಿಗೆ ಓದೋಕೆ ದಿನಾನೇ ಉಳಿಯಲ್ಲ."

ನಿರ್ದೇಶಕರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರಿಗೂ ನಿದ್ದೆಗೆಟ್ಟ ಕಣ್ಣು. "ಮೇಡಂ, ಬೇಡ ಅಂತಿದೀನಿ."

"ಹಾಗಾದ್ರೆ ಒಂದು ಸಾಲು ಬರೆದು ಕೊಡಿ ಸಾರ್. ಪರೀಕ್ಷೆಗೆ ಬರೋದನ್ನ ಇವರಿಗೆ ಕಲಿಸ್ಬೇಡಿ ಅಂತ. ನಾನು ಸುಮ್ನಾಗ್ತೀನಿ."

ಅವರು ಪೆನ್ನು ಎತ್ತಿಕೊಂಡು ಮತ್ತೆ ಕೆಳಗಿಟ್ಟರು. ಕೊನೆಗೆ ಕಾಗದಗಳ ಕಡೆ ತಿರುಗಿದರು. "ನೀವೇನೂ ಕೇಳಿಲ್ಲ, ನಾನೇನೂ ಹೇಳಿಲ್ಲ. ಪಾಠದ ಒಳಗಿನದು ನಿಮ್ಮ ಜವಾಬ್ದಾರಿ, ಅದರ ಪರಿಣಾಮಾನೂ ನಿಮ್ಮದೇ."

ಕತ್ತರಿಸಿದ ಬಾಲಗಳನ್ನು ಮತ್ತೆ ಹಚ್ಚುವುದು ಕತ್ತರಿಸಿದಷ್ಟು ಸಲೀಸಾಗಿರಲಿಲ್ಲ. ಸುಲಭದ ಪ್ರಶ್ನೆಯಿಂದ ಏಕಾಏಕಿ ಕಠಿಣದ್ದಕ್ಕೆ ಹಾರಿಸಿದರೆ ಜನ ಕಾಲು ಮುರಿದುಕೊಳ್ಳುತ್ತಾರೆ. ನಡುವೆ ಮೆಟ್ಟಿಲು ಕಟ್ಟಬೇಕು. ಅಕ್ಕ ದಿನವಿಡೀ ಮೆಟ್ಟಿಲು ಬರೆದಳು. ಸಮಾಧಾನದ ಮಾತುಗಳನ್ನು ಒಂದೊಂದಾಗಿ ತೆಗೆದು, ಅವುಗಳ ಜಾಗದಲ್ಲಿ ಎಲ್ಲಿ ತಪ್ಪಿತು ಎಂದಷ್ಟೇ ಹೇಳುವ ಮಾತು ಇಟ್ಟಳು. ಕೆಲವನ್ನು ತೆಗೆಯುವಾಗ ಕೈ ಬರಲಿಲ್ಲ; ಚೆನ್ನಾಗಿ ಬರೆದಿದ್ದೆ ಎನ್ನಿಸಿತು, ಅದಕ್ಕೇ ಇನ್ನಷ್ಟು ಬೇಜಾರಾಯಿತು. ಕೆಂಪು ಗುರುತು ವಾಪಸ್ ಬಂತು. ದಾರಿಯಲ್ಲಿದ್ದ ಎಲ್ಲರಿಗೂ ಅವಳು ಒಂದು ಸಂದೇಶ ಕಳಿಸಿದಳು: ಇಲ್ಲಿಯವರೆಗೆ ನಿಮಗೆ ಸುಲಭದ್ದನ್ನು ಮಾತ್ರ ಕೊಟ್ಟಿದ್ದೆವು, ಅದು ನಮ್ಮ ತಪ್ಪು, ಪರೀಕ್ಷೆಗೆ ಬೇಕಾದದ್ದು ಈಗ ಶುರುವಾಗುತ್ತದೆ, ತಪ್ಪುಗಳು ಆಗುತ್ತವೆ, ಪ್ರತಿಯೊಂದಕ್ಕೂ ಕಾರಣ ಹೇಳುತ್ತೇವೆ.

ಬೈಗುಳ ಬರುತ್ತವೆ ಎಂದುಕೊಂಡಿದ್ದಳು, ಬಂದವು. ಬೈಗುಳವನ್ನಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಒಬ್ಬ ಹೆಂಗಸು ಬರೆದಿದ್ದಳು: ನಿನ್ನೆಯವರೆಗೂ ನಾನು ಜಾಣೆ ಎಂದುಕೊಂಡಿದ್ದೆ, ಅದು ನಿಮಗೆ ಬೇಡವಾಯಿತೇ? ಅಕ್ಕ ಅದನ್ನು ಓದಿ ಕಂಬಳಿಯ ಗೂಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಳು. ಹೊರಗೆ ಬಂದು ಎಲ್ಲರಿಗೂ ಬೇರೆ ಬೇರೆಯಾಗಿ ಉತ್ತರ ಬರೆಯತೊಡಗಿದಳು. ಹಾಗಿದ್ದೂ ಅನೇಕರು ಬಿಟ್ಟುಹೋದರು. ಆ ಹೆಂಗಸೂ ಹೋದಳು.

ಸಮಿತಿಯವರು ಬಂದಾಗ ಕೋರ್ಸಿನಲ್ಲಿ ಉಳಿದವರ ಲೆಕ್ಕದ ಗೆರೆ ಇಳಿಮುಖವಾಗಿತ್ತು. ನಿರ್ದೇಶಕರು ಅವರ ಮುಂದೆ ಅವಳನ್ನು ಬಿಟ್ಟುಕೊಡಲಿಲ್ಲ, ಅವರು ಹೋದ ಮೇಲೆ ಉಳಿಸಿಕೊಳ್ಳಲೂ ಇಲ್ಲ. ಮುಂದಿನ ಕೋರ್ಸಿಗೆ ಬೇರೆಯವರು ಬರುತ್ತಾರೆ ಎಂದರು. ನೀವು ಹಳೆಯ ವಿಡಿಯೋಗಳ ದನಿ ಸರಿಮಾಡಿಸುವ ಕೆಲಸ ನೋಡಿಕೊಳ್ಳಿ ಎಂದು ಸೇರಿಸಿದರು. ಕೆಟ್ಟ ಗಂಟಲಿನವಳಿಗೆ ತಕ್ಕ ಕೆಲಸ ಎಂದು ಗಡ್ಡನಿಗೆ ಹೇಳಿ ಅವಳೇ ನಕ್ಕಳು. ಅವನು ನಗಲಿಲ್ಲ.

ತಂಗಿ ಬಹಳ ದಿನ ಫೋನ್ ಮಾಡಲಿಲ್ಲ. ಅಕ್ಕ ಸಿಸ್ಟಮ್ ತೆರೆದು ಅವಳ ದಾರಿ ನೋಡಬಹುದಿತ್ತು. ಬೆರಳು ಎರಡು ಮೂರು ಸಲ ಅಲ್ಲಿಯವರೆಗೆ ಹೋಗಿಬಂತು. ನೋಡಲಿಲ್ಲ. ಆಮೇಲೊಂದು ಸಂಜೆ ತಂಗಿಯೇ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಅದೇ ಮಡಿಸಿದ ಪ್ರಶ್ನೆಪತ್ರಿಕೆ.

"ಮೊದಲ ಟೆಸ್ಟಲ್ಲಿ ಮುಗ್ಗರಿಸಿ ಬಿದ್ದೆ," ಎಂದಳು. "ನಿನ್ನ ಕೆಂಪು ನೋಡಿ ನೋಡಿ ಕಣ್ಣು ನೋವು ಬಂತು. ಅಂಗಡೀಲಿ ಪುಕ್ಕಟೆ ಪರೀಕ್ಷೆ ಮಾಡಿಸ್ಕೊಂಡೆ."

"ಬಿಡೋದಿಲ್ವಾ?"

"ಬಿಟ್ರೆ ನಿನ್ನ ಮಾತು ನಿಜ ಆಗುತ್ತಲ್ಲ. ಮನೇಲಿ ಗಲಾಟೆ, ಇಲ್ಲಿ ಕೂತು ಮಾಡ್ತೀನಿ. ಬಾಯಿ ಹಾಕ್ಬೇಡ. ಕೇಳಿದ್ರೆ ಮಾತ್ರ ಹೇಳು."

ಅಲ್ಲಿಂದ ಪರೀಕ್ಷೆಯ ತನಕ ಅವಳು ಅಂಗಡಿ ಮುಚ್ಚಿದ ಮೇಲೆ ಬಂದು ಊಟದ ಮೇಜಿಗೆ ಕೂರುತ್ತಿದ್ದಳು. ಎದುರಿಗೆ ಕೂತು ಬಾಯಿ ಮುಚ್ಚಿಕೊಂಡಿರುವುದು ಅಕ್ಕನಿಗೆ ತರಗತಿಯಲ್ಲಿ ಗಂಟಲು ಹರಿದುಕೊಂಡದ್ದಕ್ಕಿಂತ ಕಷ್ಟವಾಯಿತು. ತಂಗಿ ತಪ್ಪು ಸಾಲು ಬರೆಯುವುದು ತಲೆಕೆಳಗಾಗಿಯೂ ಕಾಣುತ್ತಿತ್ತು. ಅದರ ಮೇಲೆ ಇನ್ನೊಂದು ಸಾಲು ಕಟ್ಟುತ್ತಿದ್ದಳು, ಅದರ ಮೇಲೆ ಇನ್ನೊಂದು. ಅಕ್ಕ ಎದ್ದು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಹಿಂದಿನಿಂದ "ಥೂ" ಎಂಬ ಸದ್ದು, ಗೀಚಿ ಹೊಡೆದುಹಾಕುವ ಸದ್ದು ಕೇಳಿದರೆ ಅವಳ ಹೆಗಲು ಸಡಿಲವಾಗುತ್ತಿತ್ತು. ಕೆಲವು ದಿನ ಆ ಸದ್ದು ಬರುತ್ತಲೇ ಇರಲಿಲ್ಲ. ಆಗ ತಂಗಿ ತಪ್ಪು ಉತ್ತರವನ್ನೇ ಹೊತ್ತು ಮನೆಗೆ ಹೋಗುತ್ತಿದ್ದಳು, ಅಕ್ಕ ಅದನ್ನು ಹಾಗೇ ಹೋಗಲು ಬಿಡುತ್ತಿದ್ದಳು.

ಪರೀಕ್ಷೆಯ ದಿನ ಅಕ್ಕ ರಜೆ ಹಾಕಿ ಕೇಂದ್ರದ ಹೊರಗೆ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಾದು ಕೂತಳು. ಗಂಟೆ ಹೊಡೆದ ಮೇಲೆ ಜನ ಹೊರಬಂದರು: ನರೆತ ತಲೆಗಳು, ಕೆಲಸದ ಸಮವಸ್ತ್ರಗಳು, ಮಗುವನ್ನು ಯಾರ ಕೈಯಲ್ಲೋ ಬಿಟ್ಟು ಬಂದ ಅವಸರ. ಅವರಲ್ಲಿ ಯಾರು ಯಾವ ದಾರಿಯಲ್ಲಿ ಬಂದವರೋ ಮುಖ ನೋಡಿ ಹೇಳುವ ಹಾಗಿರಲಿಲ್ಲ. ತಂಗಿ ಕೊನೆಗೆ ಬಂದವರಲ್ಲಿ ಒಬ್ಬಳು. ಬಂದವಳೇ ಬೆಂಚಿನ ಮೇಲೆ ಧೊಪ್ಪನೆ ಕೂತು ಚಪ್ಪಲಿಯಿಂದ ಕಾಲು ಬಿಡಿಸಿಕೊಂಡಳು.

"ಕೊನೇ ತನಕ ಕೂತಿದ್ದೆ. ಐದು ದೊಡ್ಡ ಪ್ರಶ್ನೆ. ಒಂದನ್ನ ಮುಟ್ಲೇ ಇಲ್ಲ. ನಾಲ್ಕು ಮಾಡ್ದೆ. ಹೇಳ್ತೀನಿ, ಕೇಳು."

ಒಂದೊಂದಾಗಿ ಹೇಳಿದಳು, ಎಲ್ಲಿ ಏನು ಹಿಡಿದೆ, ಎಲ್ಲಿ ಬಿಟ್ಟೆ ಎಂದು. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಎರಡನೇದು ತಪ್ಪು," ಎಂದಳು. "ಭಾಗಿಸೋ ಮುಂಚೆ ವರ್ಗಮೂಲ ತೆಗೆದಿದೀಯ."

"ಪೂರ್ತಿ ತಪ್ಪಾ?"

"ಪೂರ್ತಿ."

"ಉಳಿದ ಮೂರು?"

"ಸರಿಯಿದೆ. ನಾಲ್ಕನೇದನ್ನ ನಾನಾಗಿದ್ರೆ ಹಾಗೆ ಮಾಡ್ತಿರ್ಲಿಲ್ಲ. ಆದ್ರೆ ಸರಿಯಿದೆ."

ತಂಗಿ ಬೆರಳು ಮಡಿಸಿ ಮನಸ್ಸಿನಲ್ಲೇ ಕೂಡಿದಳು. "ಪಾಸ್," ಎಂದಳು, ಯಾರದೋ ವಿಷಯ ಹೇಳುವ ಹಾಗೆ. "ಜಾಸ್ತಿ ಏನಿಲ್ಲ. ಹೊಸಿಲು ದಾಟಿದ ಹಾಗೆ."

"ದಾಟಿದ್ದೀಯ."

ಬಸ್ ಬಂತು. ಪಕ್ಕಪಕ್ಕದ ಸೀಟು ಸಿಗಲಿಲ್ಲ. ತಂಗಿ ಮುಂದೆ, ಅಕ್ಕ ಎರಡು ಸಾಲು ಹಿಂದೆ. ಎರಡು ನಿಲ್ದಾಣ ದಾಟುವಷ್ಟರಲ್ಲಿ ತಂಗಿಯ ತಲೆ ಕಿಟಕಿಗೆ ವಾಲಿತು. ಬಸ್ ಕುಲುಕಿದಾಗಲೆಲ್ಲ ತಲೆ ಗಾಜಿಗೆ ತಗಲುತ್ತಿತ್ತು, ಅವಳು ಏಳಲಿಲ್ಲ. ಪರೀಕ್ಷೆ ಬರೆದು ಬಂದ ಇನ್ನೂ ಕೆಲವರು ಅಲ್ಲಿ ಇಲ್ಲಿ ನಿಂತಿದ್ದರು. ಅವರಲ್ಲೊಬ್ಬಳು ಕಂಬಿ ಹಿಡಿದು, ತುಟಿ ಅಲುಗಿಸುತ್ತ, ಯಾವುದೋ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡುತ್ತಿದ್ದಳು. ಅಕ್ಕ ಎದ್ದು ಅವಳಿಗೆ ತನ್ನ ಸೀಟು ಬಿಟ್ಟುಕೊಟ್ಟಳು.